ನಮ್ಮ ಹತ್ತು ಗಂಟೆ

ಮ್ಬೆಯಾ,
ಗುರುವಾರ, 19 ಸೆಪ್ಟೆಂಬರ್ 1996

ಅಸಾಜಿಲೆ ಅವರಿಗೆ,

ನಮಸ್ಕಾರ. ಹೀಗೆ ಹೆಸರು ಹಿಡಿದು ಬರೆದರೆ ನಿಮಗೆ ಹಿಡಿಸುವುದಿಲ್ಲ ಎಂದು ಗೊತ್ತು. ಬೇರೆ ಹೇಗೆ ಶುರು ಮಾಡುವುದೋ ತೋಚದೆ ಮೂರು ಹಾಳೆ ಹರಿದು ಹಾಕಿದ್ದೇನೆ. ನೀವು ಗಡಿ ದಾಟಿ ಜಾಂಬಿಯಾದ ಕಿಟ್ವೆಗೆ ಹೋಗಿ ಒಂಬತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ನಾನು ನಿಮಗೆ ಬರೆಯುತ್ತಿರುವ ಎರಡನೆಯ ಪತ್ರ ಇದು. ಮೊದಲನೆಯದು ಹೋದ ತಿಂಗಳಿನದು, ನಾಲ್ಕೇ ಸಾಲು. ಆ ನಾಲ್ಕು ಸಾಲಿನಲ್ಲಿ ಏನು ಎಡವಟ್ಟಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀವು ಸಿಟ್ಟು ಮಾಡಿಕೊಂಡು ಹೋಗಿದ್ದರೆ ಕೊನೆಯವರೆಗೂ ಓದಿ. ಸಿಟ್ಟಿಲ್ಲದಿದ್ದರೂ ಓದಿ.

ಕಾಲೇಜಿನ ಆಟದ ದಿನ ನಡೆಯಿತು. ನೀವು ನಿಲ್ಲಿಸಿ ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅರ್ಧವಾರ್ಷಿಕ ರಜೆ ಬಂದರೆ ನಮ್ಮ ಮಕ್ಕಳು ಚೀಲ ಹೆಗಲಿಗೇರಿಸಿ ಊರಿಗೆ ಹೊರಡುತ್ತಾರೆ, ಪರದೇಶದ ಮಕ್ಕಳು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅವರು ಹೋಗುವುದನ್ನು ನೋಡುತ್ತಾರೆ. ಅದನ್ನು ನೋಡಲಾರದೆ ತಾನೇ ನೀವು ಆ ಶನಿವಾರದ ಆಟ ಶುರು ಮಾಡಿದ್ದು. ಈ ವರ್ಷ ಇಬ್ಬರು ಮಕ್ಕಳು ಅರ್ಧಕ್ಕೇ ಓದು ಬಿಟ್ಟು ಹೊರಟರು. ಪ್ರಿನ್ಸಿಪಾಲರು ನನ್ನನ್ನು ಕರೆಸಿ, "ಮೇಡಂ, ನಿಮ್ಮೋರು ಮಾಡ್ತಿದ್ರಲ್ಲ ಆಟದ ದಿನ, ಅದನ್ನ ನೀವು ಮತ್ತೆ ಮಾಡ್ಬಾರ್ದಾ?" ಎಂದರು. ನಿಮ್ಮೋರು ಎಂಬ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ. ಆಗಲಿ ಎಂದುಬಿಟ್ಟೆ.

ಒಪ್ಪಿಕೊಂಡ ಮೇಲೆ ಗೊತ್ತಾಯಿತು, ನನಗೆ ಅಡುಗೆಯ ಕಡೆ ಬಿಟ್ಟರೆ ಬೇರೇನೂ ತಿಳಿಯದು ಎಂದು. ಸೀಟಿ ನಿಮ್ಮದು, ಸೌಟು ನನ್ನದು, ಅಲ್ಲವೇ ಇದ್ದದ್ದು? ಹಗ್ಗ ಎಳೆಯುವುದಕ್ಕೆ ಒಂದು ಕಡೆಗೆ ಎಷ್ಟು ಜನ, ಗೋಣಿಚೀಲದ ಓಟಕ್ಕೆ ಎಷ್ಟು ಉದ್ದ, ಯಾರನ್ನೂ ಕೇಳುವಂತಿರಲಿಲ್ಲ. ಸಂಜೆ ಮೈದಾನದಲ್ಲಿ ಒಬ್ಬಳೇ ಹೆಜ್ಜೆ ಹಾಕಿ ಅಳೆಯುತ್ತಿದ್ದೆ. ಅಳೆದದ್ದು ಮರೆತು ಮತ್ತೆ ಅಳೆಯುತ್ತಿದ್ದೆ. ನನಗೆ ಜೊತೆಗೆ ಸಿಕ್ಕಿದವಳು ತಿಯಾಮಿಕೆ ಎಂಬ ಮಲಾವಿ ಹುಡುಗಿ, ಎರಡನೆಯ ವರ್ಷ ಓದುತ್ತಿದ್ದಾಳೆ. ಒಲೆಯ ಬೂದಿ ಹೊತ್ತು ತಂದು ಮೈದಾನಕ್ಕೆ ಗೆರೆ ಎಳೆಯುವುದು ಅವಳ ಕೆಲಸ.

ಮಕ್ಕಳು ದೇಶ ದೇಶ ಎಂದು ಕಚ್ಚಾಡುವುದು ಇನ್ನೂ ಹಾಗೆಯೇ ಇದೆ. ತಂಡ ಕಟ್ಟುವ ದಿನ ಜಾಂಬಿಯಾದ ಕಪೆಂಬ್ವಾ ಎದ್ದು ನಿಂತು, "ಮಲಾವಿಯವ್ರ ಜೊತೆ ನಾನು ಹಗ್ಗ ಹಿಡಿಯಲ್ಲ ಮೇಡಂ. ಇವ್ರು ತಿನ್ನೋ ಗಂಜಿಗೆ ತೋಳಲ್ಲಿ ಬಲ ಎಲ್ಲಿಂದ ಬರ್ಬೇಕು?" ಎಂದ. ತಿಯಾಮಿಕೆ ಬಿಡುತ್ತಾಳೆಯೇ? "ನಮ್ದು ಗಂಜಿ, ನಿಮ್ದು ಗಾರೆ. ನೀನು ಉಣ್ಣೋದಲ್ಲ ಕಣೋ, ಹೊಟ್ಟೆಗೆ ಮೆತ್ಕೊಳ್ಳೋದು" ಎಂದಳು. ಜಾಯಿರಿನ ಹುಡುಗರು ಬೆಂಚು ಬಡಿದು ನಕ್ಕರು. ಒಂದೇ ಮೆಕ್ಕೆಜೋಳದ ಹಿಟ್ಟಿನ ಮುದ್ದೆಗೆ ಮೂರು ದೇಶ, ಮೂರು ಜಗಳ. ನೀವಿದ್ದಿದ್ದರೆ ನಾಲ್ಕನೆಯದನ್ನು ನೀವೇ ಹಚ್ಚಿಕೊಡುತ್ತಿದ್ದಿರಿ.

ಇನ್ನು ಗಡಿಯಾರದ ವಿಷಯ. ಬಿಸಿಲು ಇಳಿದ ಮೇಲೆ, ನಮ್ಮ ಹತ್ತು ಗಂಟೆಗೆ ಆಟ ಎಂದು ನಿಶ್ಚಯ ಮಾಡಿದ್ದೆ. ಹೊತ್ತು ಹುಟ್ಟಿದ ಮೇಲೆ ಗಂಟೆ ಎಣಿಸುವವರು ನಾವು, ನಮ್ಮ ಹತ್ತು ಎಂದರೆ ಪರದೇಶದ ಮಕ್ಕಳ ಸಂಜೆ ನಾಲ್ಕು. ಅದನ್ನು ಹೊಸಬರ ತಲೆಗೆ ಹತ್ತಿಸುವುದನ್ನೇ ನೀವು ಮೊದಲನೆಯ ಪಂದ್ಯ ಎನ್ನುತ್ತಿದ್ದಿರಿ. ನಾನು ಆ ಪಂದ್ಯಕ್ಕೆ ಹೋಗಲಿಲ್ಲ. ನೋಟಿಸಿನಲ್ಲಿ ಎರಡು ಲೆಕ್ಕವನ್ನೂ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ.

ನಿಮಗೆ ಬರೆದ ಪತ್ರದಲ್ಲಿ ಮಾತ್ರ "ಶನಿವಾರ, ಹದಿನಾಲ್ಕನೆಯ ತಾರೀಕು, ಹತ್ತು ಗಂಟೆಗೆ ಆಟ. ಬರಬಹುದಾದರೆ ಬನ್ನಿ" ಎಂದಷ್ಟೇ ಬರೆದೆ. ಬೆಳಿಗ್ಗೆ ಎಂದಾಗಲಿ ಸಂಜೆ ಎಂದಾಗಲಿ ಬರೆಯಲಿಲ್ಲ. ಮರೆತೆ ಎಂದು ಹೇಳಿದರೆ ನೀವು ನಂಬುತ್ತೀರಿ, ಆದರೆ ಮರೆತಿರಲಿಲ್ಲ, ಬೇಕೆಂದೇ ಬಿಟ್ಟೆ. ಒಂಬತ್ತು ವರ್ಷ ಜಾಂಬಿಯಾದ ಗಡಿಯಾರ ನೋಡಿದವರಿಗೆ ನಮ್ಮ ಹತ್ತು ಯಾವುದೆಂದು ನೆನಪಿದೆಯೋ ಇಲ್ಲವೋ ನೋಡೋಣ ಎನಿಸಿತು. ನೆನಪಿದ್ದರೆ ನೀವಿನ್ನೂ ಈ ಮನೆಯವರು, ಇಲ್ಲದಿದ್ದರೆ ಅಲ್ಲ. ಐವತ್ತು ದಾಟಿದ ಹೆಂಗಸು ಹೀಗೆ ಗಂಡನಿಗೆ ಪರೀಕ್ಷೆ ಇಡುವುದು ನಾಚಿಕೆಗೇಡು. ಇಟ್ಟೆ, ಒಪ್ಪಿಕೊಂಡಿದ್ದೇನೆ.

ಬೆಳಗಿನ ಹತ್ತಕ್ಕೆ ನಾನು ಪೇಟೆಯಲ್ಲಿದ್ದೆ, ಬೆನ್ನಟ್ಟುವ ಆಟಕ್ಕೆ ಕೋಳಿ ಕೊಳ್ಳಲು. ಬಂದಾಗ ಮಧ್ಯಾಹ್ನವಾಗಿತ್ತು.

ಸಂಜೆ ನಾಲ್ಕಕ್ಕೆ ಮಾವಿನ ಮರದ ಕೆಳಗೆ ಎರಡು ಕುರ್ಚಿ ಹಾಕಿಸಿದೆ. ಒಂದರಲ್ಲಿ ಪ್ರಿನ್ಸಿಪಾಲರು ಕೂತರು. ಇನ್ನೊಂದರ ಮೇಲೆ ಯಾರು ಕೈಯಿಟ್ಟರೂ "ಅದು ಬೇರೆಯವರಿಗೆ" ಎನ್ನುತ್ತಿದ್ದೆ. ದೇಶದೇಶದವರು ಸಾಲಾಗಿ ನಡೆದು ಬಂದರು. ಮೊಜಾಂಬಿಕಿನಿಂದ ಈ ವರ್ಷ ಎರ್ನೆಸ್ಟು ಒಬ್ಬನೇ, ಅವನಿಗೆ ಇಲ್ಲಿಯವರ ಭಾಷೆಯೂ ಸರಿಯಾಗಿ ಬರುವುದಿಲ್ಲ. ತನ್ನ ದೇಶದ ಬಾವುಟವನ್ನು ತಾನೇ ಹಿಡಿದು, ಹಿಂದೆ ಯಾರೂ ಇಲ್ಲದೆ, ಕಾಲು ಎತ್ತೆತ್ತಿ ಹಾಕುತ್ತ ಬಂದ. ಹುಡುಗರು ನಗಲು ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ, ಹೋಗಿ ಅವನ ಹಿಂದೆ ನಡೆದೆ. ಕಪೆಂಬ್ವಾ, "ಮೇಡಂ, ಮೊಜಾಂಬಿಕ್ ಸೇರ್ಕೊಂಡ್ರಾ?" ಎಂದು ಕೂಗಿದ. "ಒಬ್ಬೊಬ್ರೇ ಇರೋರದ್ದೆಲ್ಲ ಒಂದೇ ದೇಶ ಕಣಪ್ಪ" ಎಂದೆ. ತಮಾಷೆಗೆ ಅಂದದ್ದು.

ಹಗ್ಗ ಎಳೆಯುವುದರಲ್ಲಿ ಮಲಾವಿ ಗೆದ್ದಿತು, ಗಾರೆ ತಿಂದವರು ಬೂದಿಯ ಗೆರೆಯ ಮೇಲೆ ಮೂತಿ ಊರಿ ಬಿದ್ದರು. ನಿಂಬೆಹಣ್ಣು ಚಮಚೆಯ ಓಟದಲ್ಲಿ ಜಾಯಿರಿನವರು ಹಣ್ಣಿಗೆ ಮೇಣ ಹಚ್ಚಿ ಸಿಕ್ಕಿಬಿದ್ದರು. ಕೋಳಿ ಬೆನ್ನಟ್ಟುವಾಗ ಇಡೀ ಮೈದಾನ ಎದ್ದು ನಿಂತಿತು. ಕೋಳಿ ಮೂರು ಸುತ್ತು ಹಾಕಿ ಸೀದಾ ಎರ್ನೆಸ್ಟುವಿನ ತೊಡೆಯ ಮೇಲೆ ಬಂದು ಕೂತಿತು. ಅವನು ಓಡಿರಲೇ ಇಲ್ಲ. ನಾನು ನಕ್ಕೆ. ನಗುತ್ತಲೇ ಪಕ್ಕಕ್ಕೆ ತಿರುಗಿ ಏನೋ ಹೇಳಲು ಹೊರಟೆ, ಕುರ್ಚಿ ಖಾಲಿ ಇತ್ತು. ಆ ಒಂದು ಕ್ಷಣದಷ್ಟು ಒಂಟಿತನ ಈ ಒಂಬತ್ತು ವರ್ಷದಲ್ಲಿ ನನಗೆ ಆಗಿರಲಿಲ್ಲ.

ಮಕ್ಕಳೆಲ್ಲ ಹಾಡುತ್ತ ಹಾಸ್ಟೆಲಿಗೆ ಹೋದರು. ಕುರ್ಚಿಗಳನ್ನು ನಾನೇ ಒಳಗಿಟ್ಟು ಮನೆಗೆ ಬಂದು ಬಾಳೆಕಾಯಿ ಬೇಯಿಸಿದೆ. ನಾಲ್ಕು ಕಾಯಿ ಹಾಕಿದ್ದೆ, ಎರಡು ಮಿಕ್ಕವು. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಸಿಟ್ಟು ಬರಲಿಲ್ಲ.

ಮಂಗಳವಾರ ತಿಯಾಮಿಕೆ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, "ಮೇಡಂ, ನಿಮ್ಗೊಂದು ವಿಷ್ಯ ಹೇಳೋದು ಮರ್ತೇಬಿಟ್ಟೆ. ಶನಿವಾರ ಬೆಳಿಗ್ಗೆ ಒಬ್ರು ಯಜಮಾನ್ರು ಬಂದಿದ್ರು" ಎಂದಳು. ಅವಳು ಬೂದಿಯ ಗೆರೆ ಎಳೆಯುತ್ತಿದ್ದಾಗ, ಸರಿಯಾಗಿ ಹತ್ತು ಗಂಟೆಗೆ, ಕಂದು ಕೋಟು ಹಾಕಿದ ಒಬ್ಬರು ಗೇಟು ದಾಟಿ ಬಂದರಂತೆ. "ಆಟ ಇವತ್ತಲ್ವಾ ಮಗಳೇ, ಯಾರೂ ಕಾಣ್ತಿಲ್ವಲ್ಲ?" ಎಂದು ಕೇಳಿದರಂತೆ. ಇವಳು, "ಸಂಜೆಗೆ ಬಾಬಾ, ಅಲ್ಲೀವರ್ಗೂ ಬಿಸಿಲು ಕಾಯ್ತೀರಾ?" ಎಂದಳಂತೆ. ಆಗ ನೀವು, "ಲುಗಾನೋನ ಅಮ್ಮ ಇದ್ದಾರಾ?" ಎಂದಿರಂತೆ.

"ಆ ಹೆಸ್ರಿನೋರು ಇಲ್ಲಿ ಯಾರೂ ಇಲ್ಲ ಬಾಬಾ ಅಂದೆ ಮೇಡಂ. ಅಡುಗೆಯೋರಲ್ಲೂ ಇಲ್ಲ, ಆಫೀಸಲ್ಲೂ ಇಲ್ಲ. ಯಾವ ಹುಡುಗಿಯ ಅಮ್ಮ ಅಂತ ಕೇಳ್ದೆ. ಅವ್ರು ಹೋಗಿ ಮೈದಾನದ ಪಕ್ಕದ ಕಲ್ಲಿನ ಮೇಲೆ ಎರಡು ಗಂಟೆ ಕೂತಿದ್ದು ಎದ್ದು ಹೋದ್ರು. ತಪ್ಪಾಯ್ತಾ ಮೇಡಂ? ನಿಮ್ಗೆ ಗೊತ್ತಿರೋರಾ?"

ಅವಳ ತಪ್ಪೇನೂ ಇಲ್ಲ. ಒಂಬತ್ತು ವರ್ಷದಿಂದ ಈ ಕಾಲೇಜಿನಲ್ಲಿ ನಾನು ಬರೀ ಮೇಡಂ. ಆ ಹೆಸರಿನಿಂದ ನನ್ನನ್ನು ಯಾರೂ ಕರೆಯಬಾರದು ಎಂದು ಕಟ್ಟು ಮಾಡಿದವಳು ನಾನೇ. ಇಲ್ಲಿ ಪ್ರತಿಯೊಬ್ಬ ಹೆಂಗಸೂ ಮೊದಲ ಮಗುವಿನ ಹೆಸರಿನಲ್ಲೇ ಬದುಕುತ್ತಾಳೆ, ಸ್ವಂತ ಹೆಸರು ಅವಳಿಗೇ ಮರೆತುಹೋಗಿರುತ್ತದೆ. ಲುಗಾನೋ ಜ್ವರದಲ್ಲಿ ಹೋದ ಮೇಲೆ ಸಾಂತ್ವನ ಹೇಳಲು ಬಂದವರೆಲ್ಲ ಲುಗಾನೋನ ಅಮ್ಮ, ಲುಗಾನೋನ ಅಮ್ಮ ಎನ್ನುತ್ತಿದ್ದರು. ಹನ್ನೊಂದು ವರ್ಷದ ಮಗು ಇನ್ನೂ ಒಳಗೆಲ್ಲೋ ಇದೆ ಎನ್ನುವ ಹಾಗೆ ಕೇಳಿಸುತ್ತಿತ್ತು. ಎಲ್ಲರೂ ನಿಲ್ಲಿಸಿದರು, ನೀವೊಬ್ಬರು ನಿಲ್ಲಿಸಲಿಲ್ಲ. ಬೆಳಗಾದರೆ ಚಹಾ ಕೇಳುವುದಕ್ಕೂ ಅದೇ ಹೆಸರು. ನಾನು ಆ ದಿನ, "ಮಗಳೇ ಇಲ್ಲ, ಇನ್ಯಾರ ಅಮ್ಮ ನಾನು? ಆ ಹೆಸ್ರು ಕರೆಯೋರಿಗೆ ಈ ಮನೇಲಿ ಜಾಗ ಇಲ್ಲ" ಎಂದು ಕಿರುಚಿದೆ. ನೀವು ಮೆಲ್ಲಗೆ, "ನಾನು ಇನ್ನೂ ಅವಳ ಅಪ್ಪನೇ ಕಣೇ" ಎಂದಿರಿ. ಆ ವಾರವೇ ರೈಲು ಹತ್ತಿದಿರಿ.

ನೀವು ತಪ್ಪು ಮಾಡಿರಲಿಲ್ಲ. ನೀವು ಅವಳನ್ನು ಹೆಸರು ಹಿಡಿದು ಕರೆಯುತ್ತ ಬದುಕಿದಿರಿ, ನಾನು ಕರೆಯದೆ ಬದುಕಿದೆ. ಯಾರು ಹೆಚ್ಚು ಅತ್ತರೋ ನನಗೆ ಗೊತ್ತಿಲ್ಲ. ನನ್ನ ಮನೆಯಲ್ಲಿ ಮಾತ್ರ ಆ ಹೆಸರು ಕೇಳಿ ಒಂಬತ್ತು ವರ್ಷವಾಗಿದೆ, ಮತ್ತು ಅದನ್ನು ಕೇಳಬೇಕೆಂದು ನನಗೆ ಆಸೆಯಾಗಿದೆ.

ಹೀಗಾಗಿ, ನೀವು ಬಂದರೂ ನಾವು ಭೇಟಿಯಾಗದೆ ಹೋದದ್ದು ಒಂದು ಗಡಿಯಾರದಿಂದ ಮತ್ತು ಏನೂ ತಿಳಿಯದ ಒಂದು ಹುಡುಗಿಯಿಂದ. ಗಡಿಯಾರದ ತಪ್ಪನ್ನು ನಾನು ಒಪ್ಪಿಕೊಂಡಿದ್ದೇನೆ. ಹುಡುಗಿಯನ್ನು ಕ್ಷಮಿಸಿಬಿಡಿ. ನೀವು ಕಲಿಸುವ ಕಿಟ್ವೆಯ ಶಾಲೆಗೆ ರಜೆ ಬಂದಾಗ ಇನ್ನೊಮ್ಮೆ ಬರಲು ಆಗುತ್ತದೆಯೇ ಎಂದು ಒಂದು ಸಾಲು ಬರೆಯಿರಿ. ಚಳಿಯಿದೆ, ಆ ತೆಳ್ಳಗಿನ ಕೋಟಿನಲ್ಲಿ ಬರಬೇಡಿ. ಮೊಣಕೈ ಹತ್ತಿರ ಹರಿದಿದೆ, ಹೊಲಿಸಿಕೊಳ್ಳಿ.

ನಿಮ್ಮ ಕ್ಷೇಮವನ್ನೇ ಬಯಸುವ,
ಸುಬಿಲಾಗ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಕೋಳಿ ತಂದದ್ದು ಶುಕ್ರವಾರ. ಶನಿವಾರ ಬೆಳಿಗ್ಗೆ ನಾನು ಪೇಟೆಗೆ ಹೋಗಿರಲೇ ಇಲ್ಲ. ಮೈದಾನದ ಪಕ್ಕದ ಸಾಮಾನಿನ ಕೋಣೆಯಲ್ಲಿ ಗೋಣಿಚೀಲ ಕೊಡವುತ್ತಿದ್ದೆ, ತಿಯಾಮಿಕೆಗೂ ಅದು ಗೊತ್ತಿಲ್ಲ. ನಿಮ್ಮ ದನಿ ಕೇಳಿಸಿತು. ನೀವು ಲುಗಾನೋನ ಅಮ್ಮ ಇದ್ದಾರಾ ಎಂದು ಕೇಳಿದ್ದು ಕೇಳಿಸಿತು. ಹುಡುಗಿ ಇಲ್ಲ ಎಂದಳು, ನಾನು ಸುಮ್ಮನಿದ್ದೆ. ನೀವು ಆ ಕಲ್ಲಿನ ಮೇಲೆ ಕೂತಿದ್ದ ಎರಡು ಗಂಟೆಯೂ ನಾನು ಬಾಗಿಲ ಸಂದಿಯಿಂದ ನಿಮ್ಮನ್ನೇ ನೋಡುತ್ತ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದೆ. ತೆಗೆಯಲು ಆಗಲಿಲ್ಲ. ಸಂಜೆ ಮತ್ತೆ ಬರುತ್ತೀರೆಂದು ಕುರ್ಚಿ ಹಾಕಿಸಿದೆ. ಇನ್ನೊಂದು ಸಲ ಬಂದು, ಯಾರನ್ನೂ ಕೇಳದೆ, ನಮ್ಮ ಅಂಗಳದಲ್ಲಿ ನಿಂತು ಆ ಹೆಸರನ್ನೇ ಗಟ್ಟಿಯಾಗಿ ಕೂಗಿ. ನಾನು ಓಗೊಡುತ್ತೇನೆ.