ಲೋಟದಲ್ಲಿ ಉಳಿದ ನೀರು

ಜುಲೈ ೧೮, ಗುರುವಾರ

ಮೈಯೆಲ್ಲ ಸೋತಿದೆ, ಆದರೂ ನಿದ್ದೆ ಹತ್ತುತ್ತಿಲ್ಲ. ಇವತ್ತು ಆ ಮಗುವಿನ ಬಾಯಿ ಮುಚ್ಚಿಸಿಬಿಟ್ಟೆ.

ಎರಡನೇ ತರಗತಿಗೆ ಅಳತೆಯ ಪಾಠ. ಹಿಂದಿನ ಬೆಂಚಿನಲ್ಲಿ ಹೆಡ್ ಮೇಡಂ ನನ್ನ ಪಾಠ ನೋಡಲು ಕೂತಿದ್ದರು. ಉದ್ದ ಲೋಟದ ನೀರನ್ನು ಅಗಲದ ಬಟ್ಟಲಿಗೆ ಸುರಿದು, "ಈಗ ನೀರು ಜಾಸ್ತಿನಾ, ಕಮ್ಮಿನಾ, ಅಷ್ಟೇನಾ? ಚೆನ್ನಾಗಿ ನೋಡಿ ಹೇಳಿ" ಅಂದೆ. ಹೋದ ವಾರವೇ ಬಾಯಿಪಾಠ ಮಾಡಿಸಿದ್ದೆನಲ್ಲ, ಎಲ್ಲರೂ "ಅಷ್ಟೇ ಮಿಸ್" ಎಂದು ರಾಗ ಎಳೆದರು. ದರ್ಜಿಯ ಮಗಳು ಮಾತ್ರ ಎದ್ದು ನಿಂತು, "ಒಂಚೂರು ಕಮ್ಮಿ ಆಯ್ತು ಮಿಸ್" ಅಂದಳು.

"ಇಲ್ಲ ಪುಟ್ಟಿ, ಇನ್ನೊಂದ್ಸಲ ಯೋಚನೆ ಮಾಡು."

"ಕಮ್ಮೀನೇ ಮಿಸ್."

ಮೇಡಂ ತಲೆ ಎತ್ತಿದರು. "ತಪ್ಪು, ಕೂತ್ಕೋ" ಅಂದೆ. ಕೂತವಳು ಶಾಲೆ ಬಿಡುವವರೆಗೂ ತುಟಿ ಬಿಚ್ಚಲಿಲ್ಲ.

ಮಕ್ಕಳೆಲ್ಲ ಹೋದ ಮೇಲೆ ಲೋಟ ತೊಳೆಯಲು ಎತ್ತಿಕೊಂಡೆ. ಒಳಗೆಲ್ಲ ಹನಿ ಅಂಟಿತ್ತು. ಅಂಗೈ ಮೇಲೆ ಬೋರಲು ಹಾಕಿದರೆ ಕಾಲು ಚಮಚದಷ್ಟು ನೀರು ಇಳಿಯಿತು. ಮೂವತ್ತೊಂದು ಮಕ್ಕಳಲ್ಲಿ ನಿಜವಾಗಿ ನೋಡಿ ಹೇಳಿದವಳು ಅವಳೊಬ್ಬಳೇ. ಹತ್ತೊಂಬತ್ತು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ, ನಾನೂ ನೋಡಿರಲಿಲ್ಲ.

ಯಜಮಾನರಿಗೆ ಹೇಳಿದೆ. "ಅಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡ. ಬೆಳಗಾದ್ರೆ ಮಕ್ಕಳು ಎಲ್ಲಾ ಮರ್ತುಬಿಡ್ತವೆ" ಎಂದು ಮಗ್ಗುಲು ಬದಲಿಸಿದರು.

ನಾಳೆ ಎಲ್ಲರೆದುರು ಅವಳದ್ದೇ ಸರಿ, ತಪ್ಪು ನನ್ನದು ಎಂದು ಹೇಳಬೇಕು. ಅದಕ್ಕೂ ಮೊದಲು ಅವಳನ್ನು ಇನ್ನೊಮ್ಮೆ ಕೇಳಿ ನೋಡುವ ಆಸೆ. ಆದರೆ ಈ ಸಲ ಅವಳು ನೀರು ನೋಡುವುದು ಬಿಟ್ಟು, ನನ್ನ ಮುಖ ನೋಡಿ ಉತ್ತರ ಹೇಳಿದರೆ, ಆಗ ನಾನು ಏನು ಮಾಡಲಿ?