ಕ್ಯಾಪ್ಟನ್ ಕುರ್ಚಿ

ಹೊಸನಗರ,
ಸೋಮವಾರ ಬೆಳಿಗ್ಗೆ

ತನ್ಮಯಿಯ ಅಪ್ಪನಿಗೆ,

ನಿನ್ನೆ ನಮ್ಮಿಬ್ಬರ ಮೆಚ್ಚಿನ ಅಂತರಿಕ್ಷದ ಸೀರಿಯಲ್‌ನಲ್ಲಿ, ತನ್ನ ಕುರ್ಚಿಯಲ್ಲಿ ಕೂತಿದ್ದ ಪ್ರಿಯಕರನನ್ನು ನೌಕೆಯ ಕ್ಯಾಪ್ಟನ್ ಎಬ್ಬಿಸಿದಳಲ್ಲ, ನೀವು ಚಪ್ಪಾಳೆ ತಟ್ಟಿದಿರಿ. "ಹೆಂಗ್ಸು ಅಂದ್ರೆ ಹಿಂಗಿರ್ಬೇಕು ನೋಡು" ಅಂದಿರಿ. ಎಬ್ಬಿಸಿದ ಮೇಲೂ ಅವಳು ಅವನ ಕೈ ಬಿಡಲಿಲ್ಲ, ಅದನ್ನು ಗಮನಿಸಿದಿರಾ?

ಪಂಚಾಯಿತಿ ಅಧ್ಯಕ್ಷೆಯಾಗಿ ಗೆದ್ದವಳು ನಾನು. ಆದರೆ ಗೆದ್ದಾಗಿನಿಂದ ನನ್ನ ಕುರ್ಚಿಯಲ್ಲಿ ನೀವೇ ಕೂರುತ್ತೀರಿ. ನಾನು ಪಕ್ಕದಲ್ಲಿ ನಿಂತು, ನೀವು ಬೆರಳಿಟ್ಟಲ್ಲಿ ಸಹಿ ಹಾಕುತ್ತೇನೆ.

ಇವತ್ತಿನ ಸಭೆಗೆ ಮೊದಲೇ ಹೊರಟಿದ್ದೇನೆ. ಕಡುಬು ಬಿಸಿಯಿದೆ, ತಿಂದುಕೊಂಡು ಬನ್ನಿ. ಜನರಿಗೆಂದು ಸಭೆಯ ಕೋಣೆಯ ಹಿಂಭಾಗದಲ್ಲಿ ಬೆಂಚು ಹಾಕಿಸಿದ್ದೇನೆ, ಅಲ್ಲಿ ಕೂರಿ. ನನ್ನ ಕುರ್ಚಿಯಲ್ಲಿ ಕೂತರೆ ಎಲ್ಲರೆದುರೇ ಎಬ್ಬಿಸುತ್ತೇನೆ.

ಆಗಲೂ ಚಪ್ಪಾಳೆ ತಟ್ಟಿ.

ನಿಮ್ಮ ಪ್ರೀತಿಯ,
ಸುಗುಣಾ
ಅಧ್ಯಕ್ಷೆ