ಅಕ್ಕ ಬಿಟ್ಟುಹೋದ ಶಾರ್ಟ್‌ಕಟ್‌ಗಳು

ಮನೆಯಿಂದ,
ಜುಲೈ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಹಡಗಿನ ಓಲಾಟಕ್ಕೆ ಹೊಟ್ಟೆ ಒಗ್ಗಿತೇ? ಬೆನ್ನುನೋವು ಕಡಿಮೆಯಾಯಿತೇ? ಇವಿಷ್ಟನ್ನೂ ಅಮ್ಮ ಹೋದ ವಾರ ಮೊಬೈಲಿನ ಪರದೆ ತುಂಬ ಬರೆದು ಕೇಳಿದ್ದಳು. ನೀನು ‘ಓಕೆ’ ಎಂದು ಉತ್ತರ ಕಳಿಸಿದೆ. ಯಾವುದಕ್ಕೆ ಓಕೆ ಎಂದು ಅವಳು ನನ್ನನ್ನು ಕೇಳುತ್ತಾಳೆ. ನಾನೇನು ನಿನ್ನ ಹೊಟ್ಟೆಯೊಳಗೆ ಹೊಕ್ಕು ಕೂತಿದ್ದೇನೆಯೇ? ಅದಕ್ಕೇ ಈ ಕಾಗದ. ನಿಮ್ಮ ಕಂಪನಿಯವರು ಬಂದರಿನ ಕಚೇರಿಯಿಂದ ಹಡಗಿಗೆ ಟಪಾಲು ಮುಟ್ಟಿಸುತ್ತಾರಂತೆ. ಇಲ್ಲಿ ಎಲ್ಲರೂ ಆರೋಗ್ಯ. ನನ್ನ ತಲೆ ಮಾತ್ರ ಕೆಟ್ಟು ಮೊಸರುಗಡಿಗೆಯಾಗಿದೆ, ಮತ್ತು ಅದಕ್ಕೆ ಕಾರಣ ನೀನು.

ಆಸ್ಪತ್ರೆಯ ನೆಟ್‌ವರ್ಕ್ ಕೆಲಸವನ್ನು ನನ್ನ ತಲೆಗೆ ಕಟ್ಟಿ ಹಡಗಿನ ನೆಟ್‌ವರ್ಕ್ ನೋಡಿಕೊಳ್ಳಲು ಹೋಗುವಾಗ ರೌಟರುಗಳಲ್ಲಿ ನೀನು ತುಂಬಿಟ್ಟ ಶಾರ್ಟ್‌ಕಟ್‌ಗಳಿವೆಯಲ್ಲ, ಅವುಗಳ ಕಥೆ ಕೇಳು. ಸಮಯ ಉಳಿಯಿತು, ಇಲ್ಲವೆನ್ನುವುದಿಲ್ಲ. ಉದ್ದುದ್ದ ಕಮಾಂಡುಗಳನ್ನು ಟೈಪ್ ಮಾಡುವ ಬದಲು ಇಂಗ್ಲಿಷ್ ಅಕ್ಷರದಲ್ಲಿ ಮನೆಯವರನ್ನು ಕರೆದರೆ ಸಾಕಿತ್ತು. ‘ಅಜ್ಜಿ’ ಎಂದು ಹೊಡೆದರೆ ಯಾವ ತಂತಿಯಲ್ಲಿ ಏನು ಹುಳುಕಿದೆ ಎಂದು ಒಂದೂ ಬಿಡದೆ ಎತ್ತಿ ಆಡುತ್ತಿತ್ತು. ‘ಅಪ್ಪ’ ಎಂದರೆ ಅಲ್ಲಿಯವರೆಗೆ ಬದಲಿಸಿದ್ದನ್ನೆಲ್ಲ ಭದ್ರವಾಗಿ ಉಳಿಸಿಡುತ್ತಿತ್ತು, ಥೇಟ್ ನಮ್ಮಪ್ಪ ಖಾಲಿ ಬಲ್ಬಿನ ಡಬ್ಬಿಯನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುವ ಹಾಗೆ. ‘ತಮ್ಮ’ ಏನು ಮಾಡುತ್ತದೆ ಎಂದು ಕೇಳಿದಾಗ ಮಾತ್ರ "ಅದನ್ನ ಮುಟ್ಟಬೇಡ ಕಣೋ" ಎಂದು ಹಲ್ಲು ಕಿಸಿದೆ. ಇನ್ನೂ ಎರಡು ಮಾತು ಸೇರಿಸಿ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಗುರುವಾರ ಬೆಳಿಗ್ಗೆ ಮ್ಯಾನೇಜರ್ ನನ್ನ ಬೆನ್ನ ಹಿಂದೆ ನಿಂತು ಕೈಯ ವೇಗ ನೋಡಿ ಬೆರಗಾದರು. ನಾನೂ ಉಬ್ಬಿಹೋದೆ. ಅಜ್ಜಿಯನ್ನು ತೋರಿಸಿದೆ, ಅಪ್ಪನನ್ನು ತೋರಿಸಿದೆ. "ನಿಮ್ಮ ಹೆಸರಲ್ಲಿ ಏನೂ ಇಲ್ವೇನ್ರೀ?" ಎಂದರು. ‘ತಮ್ಮ’ ಎಂದು ಹೊಡೆದೆ. ನಿಜವಾಗಿಯೂ ಮಾಡಲೇ ಎಂದು ರೌಟರ್ ಕೇಳಿತು, ಓದದೆ ಎಂಟರ್ ಒತ್ತಿದೆ. ಅದು ಪೂರ್ತಿ ಆರಿ, ಮತ್ತೆ ಮೊದಲಿನಿಂದ ಏಳತೊಡಗಿತು. ಮೈಮುರಿದು ಕಣ್ಣು ಬಿಡುವಷ್ಟರಲ್ಲಿ ಔಷಧಿ ಕೌಂಟರಿನ ಸಾಲು ಲಿಫ್ಟಿನವರೆಗೆ ಬೆಳೆದಿತ್ತು. ಎಕ್ಸ್‌ರೇ ಕೋಣೆಯವರು ಚಿತ್ರ ಹೋಗುತ್ತಿಲ್ಲವೆಂದು ಮೆಟ್ಟಿಲಿಳಿದು ಓಡಿಬಂದರು. ಅಲುಗಾಡಿಸದೆ ಏಳದವನು ಎಂದು ಚಿಕ್ಕಂದಿನಿಂದ ನನ್ನನ್ನು ಆಡಿಕೊಂಡಿದ್ದು ಸಾಲದೆಂದು ಅದನ್ನು ಆಸ್ಪತ್ರೆಯ ರೌಟರಿಗೂ ಕಲಿಸಬೇಕಿತ್ತೇ? ಈಗ ಅಪ್ಪಣೆಯಾಗಿದೆ, ನಿನ್ನ ಶಾರ್ಟ್‌ಕಟ್‌ಗಳೆಲ್ಲ ಹೋಗಬೇಕು, ಪ್ರತಿ ಕಮಾಂಡನ್ನೂ ಪೂರ್ತಿ ಟೈಪ್ ಮಾಡಬೇಕು. ಎರಡು ದಿನದಿಂದ ಅದೇ ಕೆಲಸ. ಒಂದಕ್ಷರ ತಪ್ಪಿದರೆ ಮತ್ತೆ ಮೊದಲಿನಿಂದ, ಬೆರಳು ಬಿದ್ದುಹೋಗುತ್ತಿವೆ.

ಪೂರ್ತಿ ಟೈಪ್ ಮಾಡುತ್ತಾ ಮಾಡುತ್ತಾ ನಿನ್ನ ಮೇಲಿನ ಸಿಟ್ಟು ಬೇರೆ ಕಡೆಗೆ ತಿರುಗಿತು. ರೌಟರಿಗೆ ನಾಲ್ಕಕ್ಷರ ಸಾಕು, ಉಳಿದದ್ದನ್ನು ಅದೇ ತಿಳಿದುಕೊಳ್ಳುತ್ತದೆ. ಅಮ್ಮನಿಗೆ ಸಾಲದು. ಅವಳು ನಿನ್ನ ‘ಓಕೆ’ಯನ್ನು ಹಿಡಿದು ಸಂಜೆಯೆಲ್ಲ ಕೂರುತ್ತಾಳೆ. "ಹಡಗು ಹತ್ತೋದಾದ್ರೆ ಈ ಮನೆಗೆ ಫೋನೂ ಮಾಡಬೇಡ" ಎಂದು ಅಪ್ಪ ಅಂದದ್ದು ಸಿಟ್ಟಿನ ಭರದಲ್ಲಿ. ನೀನು ಬಾಗಿಲು ದಾಟುವಷ್ಟರಲ್ಲೇ ಅವರ ಮುಖ ಸಣ್ಣಗಾಗಿತ್ತು, ನಾನು ನೋಡಿದೆ. ಸಮುದ್ರದಲ್ಲಿ ಲೈನ್ ಸಿಗುವುದಿಲ್ಲ, ಬಂದರಿಗೆ ಬಂದಾಗ ಮೆಸೇಜ್ ಮಾಡುತ್ತೇನೆ ಎಂದು ನೀನು ಬರೆದದ್ದನ್ನು ಅವರು ಕಣ್ಣುಮುಚ್ಚಿ ನಂಬಿದ್ದಾರೆ. ಮಗಳು ಫೋನ್ ಮಾಡಿದಳಾ ಎಂದು ಯಾರಾದರೂ ಕೇಳಿದರೆ "ನಡುನೀರಲ್ಲಿ ಲೈನ್ ಎಲ್ಲಿಂದ ಬರತ್ತೆ, ಪಾಪ" ಎಂದು ನಿನ್ನ ಪರ ವಹಿಸುತ್ತಾರೆ. ಅದನ್ನು ಕೇಳಿಸಿಕೊಂಡು ಸುಮ್ಮನಿರುವುದು ನನಗೆ ಸಾಕಾಗಿಹೋಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಒದ್ದೆ ಕೂದಲಲ್ಲಿ ಡೆಕ್ ಮೇಲೆ ನಿಲ್ಲಬೇಡ ಎಂದು ಅಮ್ಮ ಹೇಳಿದ್ದಾಳೆ. ಅಜ್ಜಿಯ ಆಶೀರ್ವಾದವಿದೆ, ಅದರ ಹಿಂದೆ ಬೈಗುಳವೂ ಇದೆ.

ಸಿಟ್ಟಿದ್ದರೂ ನಿನ್ನವನೇ ಆದ,
ತಮ್ಮ

ತಾ.ಕ.: ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಕಾಗದವನ್ನು ಟಪಾಲು ಡಬ್ಬಿಗೆ ಹಾಕುವವರು ಅವರೇ. ಬೇಗ ಬರೆಯುತ್ತೇನೆ. ಒಂದು ಶಾರ್ಟ್‌ಕಟ್ ನಾನು ಅಳಿಸಿಲ್ಲ, ಅದು ನಾನೇ ಮಾಡಿದ್ದು. ಪರೀಕ್ಷೆ ಮಾಡಿ ನೋಡು ಎಂದು ಹಡಗಿನ ರೌಟರಿನ ವಿಳಾಸ ಕಳಿಸಿದ್ದೆಯಲ್ಲ, ‘ಅಕ್ಕ’ ಎಂದು ಹೊಡೆದರೆ ನಮ್ಮ ರೌಟರ್ ಅದನ್ನು ಕೂಗಿ ನೋಡುತ್ತದೆ. ಲೈನ್ ಇಲ್ಲದಿದ್ದರೆ ಐದು ಚುಕ್ಕಿ, ಇದ್ದರೆ ಐದು ಆಶ್ಚರ್ಯಚಿಹ್ನೆ ಎಂದು ಕಲಿಸಿದವಳು ನೀನೇ. ದಿನಾ ಹೊಡೆಯುತ್ತೇನೆ ಅಕ್ಕಾ. ನಡುನೀರಿನಲ್ಲಿದ್ದೇನೆಂದು ನೀನು ಹೇಳಿದ ದಿನಗಳಲ್ಲೂ ಒಂದು ಚುಕ್ಕಿಯೂ ಬಂದಿಲ್ಲ, ಬರೀ ಆಶ್ಚರ್ಯಚಿಹ್ನೆ. ನಿನ್ನೆ ನಾನು ಮರೆತ ಕನ್ನಡಕ ಕೊಡಲು ಆಸ್ಪತ್ರೆಗೆ ಬಂದ ಅಪ್ಪ ಪರದೆ ನೋಡಿ ಇದೇನೆಂದು ಕೇಳಿದರು. ಹಡಗಿಗೆ ಲೈನ್ ಇದೆ ಎಂದು ಹೇಳಿಬಿಟ್ಟೆ. "ಹಾಗಾದ್ರೆ ಹಡಗು ಸರಿಯಾಗಿದೆ, ಅವಳೂ ಚೆನ್ನಾಗಿದ್ದಾಳೆ" ಎಂದು ಮುಖವರಳಿಸಿಕೊಂಡು ಮನೆಗೆ ಹೋಗಿ ಅಮ್ಮನಿಗೂ ಹೇಳಿದ್ದಾರೆ. ಲೈನ್ ಇದ್ದ ಮೇಲೆ ಮಗಳು ಫೋನೂ ಮಾಡಬಹುದಿತ್ತು ಎಂಬುದು ಅವರಿಗಿನ್ನೂ ಹೊಳೆದಿಲ್ಲ. ಹೊಳೆಯುವ ಮೊದಲು ಮಾಡು.